ನೀಲತ್ತಿಯ ಗೋಲ್ ಸಲಾಯಿ

ನಮ್ಮ ಪಕ್ಕದ ಮನೆಯ ಹುಡುಗಿಗೆ ಈಗ ಹೆಣಿಗೆಯ ಹುಚ್ಚು ಹಿಡಿದಿದೆ. ಮೊನ್ನೆ ಸಂಜೆ ಬಂದು ಪಕ್ಕದಲ್ಲಿ ಕೂತು, ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಅಜ್ಜಿ, ಇದರಾಗ ಯಾವುದು ತಗೊಳ್ಳಲಿ ಹೇಳ್ರಿ" ಎಂದಳು. ನೋಡಿದರೆ ಎರಡು ಗಿಡ್ಡ ಸೂಜಿಗಳನ್ನು ಒಂದು ತಂತಿಯಿಂದ ಜೋಡಿಸಿದ ದುಂಡನೆಯ ಹೆಣಿಗೆ ಸೂಜಿಗಳು, ನಮ್ಮ ಕಾಲದ ಗೋಲ್ ಸಲಾಯಿ. ಬಿದಿರಿನವು, ಉಕ್ಕಿನವು, ಬಣ್ಣಬಣ್ಣದ ಪ್ಲಾಸ್ಟಿಕ್ಕಿನವು. ಒಂದೊಂದರಲ್ಲೂ ಬಗೆಬಗೆಯ ಉದ್ದ, ಬಗೆಬಗೆಯ ದಪ್ಪ. ಪಾಪ, ಆ ಹುಡುಗಿ ಸೂಜಿ ಆರಿಸುವುದರಲ್ಲೇ ಅರ್ಧ ಸೋತುಹೋಗಿದ್ದಳು.

ನಾನು ಕನ್ನಡಕ ಏರಿಸಿಕೊಂಡು, ಬಹಳ ತಿಳಿದವಳ ಗತ್ತಿನಲ್ಲಿ, "ಮೊದಲು ಏನು ಹೆಣೀತಿ ಅದನ್ನ ಹೇಳು" ಎಂದೆ. ಟೋಪಿ ಎಂದಳು. "ಹಂಗಾದ್ರ ಗಿಡ್ಡದು ತಗೋ. ಟೋಪಿ ಸುತ್ತಳತಿಗಿಂತ ಸಲಾಯಿ ಗಿಡ್ಡ ಇರಬೇಕು. ಉದ್ದಂದು ತಗೊಂಡ್ರ ಕೆಟ್ಟಿ" ಎಂದೆ. ಅವಳಿಗೆ ಆಶ್ಚರ್ಯ. ನನ್ನಿಂದ ಒಂದು ಕರವಸ್ತ್ರದ ಅಂಚು ಕೂಡ ನೆಟ್ಟಗೆ ಹೊಲಿಯಲು ಆಗುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ. "ನಿಮಗ ಹೆಣಿಗಿ ಬರತೈತೇನಜ್ಜಿ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. ಆಮೇಲೆ ನನಗೆ ನಗು ತಡೆಯಲಾಗಲಿಲ್ಲ. ಮುದುಕಿಗೆ ಏನೋ ಆಗಿದೆ ಎಂದುಕೊಂಡು ಹುಡುಗಿ ಮೆಲ್ಲಗೆ ಎದ್ದು ಹೋದಳು. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗಾದರೂ ಹೇಳುತ್ತೇನೆ.

ಅದು ನಿಜಾಮರ ಕಾಲ. ನಾವು ಲಿಂಗಸುಗೂರಿನ ಛಾವಣಿಯಲ್ಲಿದ್ದೆವು. ಅಲ್ಲಿ ಬೀಡುಬಿಟ್ಟಿದ್ದ ದಂಡು ಎದ್ದು ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಓಣಿಗಳಿಗೆ ಛಾವಣಿ ಎಂಬ ಹೆಸರು ಅಂಟಿಕೊಂಡೇ ಇತ್ತು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಶೇರವಾನಿ ತೊಟ್ಟು, ಕೆಂಪು ರೂಮಿ ಟೋಪಿ ಇಟ್ಟು ಉರ್ದು ಮನುಷ್ಯನಾಗಿ ಹೊರಡುತ್ತಿದ್ದ. ಸಂಜೆ ಬಂದು ಟೋಪಿಯನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಕನ್ನಡಕ್ಕೆ ಮರಳುತ್ತಿದ್ದ. ನಾನು ಹೆಣ್ಣುಮಕ್ಕಳ ಮದರಸಾದಲ್ಲಿ ಅಲಿಫ್, ಬೇ ತಿದ್ದುತ್ತಿದ್ದೆ. ಕನ್ನಡ ಅಕ್ಷರ ಕಲಿಸುವುದು ಅಪ್ಪನ ರಾತ್ರಿಯ ಕೆಲಸ. ನಾನು ಉರ್ದುವಿನಂತೆ ಪಾಟಿಯ ಬಲಗಡೆಯಿಂದ ಅ, ಆ ಶುರುಮಾಡಿ ತಲೆಗೆ ಮೊಟಕಿಸಿಕೊಂಡದ್ದು ಎಷ್ಟು ಸಲವೋ.

ಓದು ಹೇಗೇ ಇರಲಿ, ಮನೆಯಲ್ಲಿ ನನಗೊಂದು ಜವಾಬ್ದಾರಿಯ ಹುದ್ದೆ ಇತ್ತು. ನಮ್ಮ ಅವ್ವ ಮತ್ತು ನೀಲತ್ತಿಯ ನಡುವೆ ಮಾತು ಮುಟ್ಟಿಸುವ ಹುದ್ದೆ. ನೀಲತ್ತಿ ಅಂದರೆ ಅಪ್ಪನ ಅಕ್ಕ, ಮಸ್ಕಿಗೆ ಕೊಟ್ಟವಳು. ಅವಳಿಗೂ ಅವ್ವನಿಗೂ ಮಾತಿರಲಿಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಕೂತಿರುತ್ತಿದ್ದರು, ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು. ಆದರೂ ನೀಲತ್ತಿ, "ಗಿರಿಜಿ, ರೊಟ್ಟಿ ಹೊತ್ತಾಕತ್ತೈತಂತ ನಿಮ್ಮವ್ವಗ ಹೇಳು" ಎನ್ನುವಳು. ನಾನು ಅವ್ವನ ಕಡೆ ತಿರುಗಿ, "ಅವ್ವಾ, ರೊಟ್ಟಿ ಹೊತ್ತಾಕತ್ತೈತಂತ" ಎನ್ನುವೆನು. ಅವ್ವ, "ನನಗೂ ಕಣ್ಣದಾವಂತ ಹೇಳು" ಎನ್ನುವಳು. ಇಷ್ಟಾಗುವುದರೊಳಗೆ ರೊಟ್ಟಿ ಕರ್ರಗಾಗಿರುತ್ತಿತ್ತು. ಆ ಕರಿ ರೊಟ್ಟಿ ಬರುತ್ತಿದ್ದದ್ದು ನನ್ನ ತಾಟಿಗೇ.

ಈ ಜಗಳ ಹುಟ್ಟಿದ್ದು ನನ್ನ ಹೆಸರಿಡುವ ದಿನ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಪ್ರೀತಿಯ ಗುದ್ದು, ಎಲ್ಲರೂ ನಗಬೇಕು, ಅತ್ತೆಯೂ ನಗಬೇಕು. ಆದರೆ ನನ್ನ ತೊಟ್ಟಿಲಿಗೆ ತುರ್ವಿಹಾಳದಿಂದ ಬಂದಿದ್ದ ಅವ್ವನ ತವರಿನವರ ಕೈ ಸ್ವಲ್ಪ ಜೋರು. ಹೊಲದಲ್ಲಿ ದುಡಿದ ಕೈಗಳು. ನೀಲತ್ತಿ ಹೆಸರನ್ನು ಅರ್ಧ ಹೇಳುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಕೆಮ್ಮತೊಡಗಿದಳಂತೆ. ಕಣ್ಣಲ್ಲಿ ನೀರು ಬಂತಂತೆ. ಸಿಟ್ಟಿನಲ್ಲಿ, "ಈ ಮನಿಯಾಗ ಇನ್ನ ಯಾವ ಕೂಸಿಗೂ ನಾ ಹೆಸರಿಡಂಗಿಲ್ಲ" ಎಂದಳಂತೆ. ಅವ್ವನೂ ಸುಮ್ಮನಿರಲಾರದೆ, "ಯಾರು ಕರೀತಾರ ಬಿಡು" ಎಂದುಬಿಟ್ಟಳಂತೆ. ಅಲ್ಲಿಗೆ ಮುಗಿಯಿತು. ನನಗೆ ಪೂರ್ತಿ ಹೆಸರು ಬಿತ್ತೋ ಇಲ್ಲವೋ ಎಂದು ವಿಚಾರಿಸುವವರೂ ಇರಲಿಲ್ಲ.

ಇಷ್ಟಾದರೂ ನೀಲತ್ತಿ ತವರಿಗೆ ಬರುವುದನ್ನು ಬಿಟ್ಟವಳಲ್ಲ. ಮಕ್ಕಳಾಗದ ಅವಳಿಗೆ ನನ್ನ ಮೇಲೆ ಜೀವ. ನನಗೂ ಅವಳು ಬಂದರೆ ಹಬ್ಬ. ಸೆರಗಿನಲ್ಲಿ ಹುರಿದ ಶೇಂಗಾ, ಬಾಯಲ್ಲಿ ಬೈಗುಳ, ಎರಡೂ ಧಾರಾಳ.

ನಾನು ಮದರಸಾದಲ್ಲಿ ಎರಡನೆಯ ಕಿತಾಬಿಗೆ ಬಂದ ವರ್ಷ ಅವ್ವ ಮತ್ತೆ ಬಸಿರಾದಳು. ತುರ್ವಿಹಾಳದ ಅಮ್ಮನಿಗೆ, ಅಂದರೆ ಅವ್ವನ ತಾಯಿಗೆ, ಮೊಣಕಾಲು ಹಿಡಿದುಕೊಂಡಿದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ ಎಂದಾಯಿತು. ಅಪ್ಪನ ತಾಯಿ, ನಮ್ಮಜ್ಜಿ, ಮಗಳಿಗೆ ಹೇಳಿಕಳಿಸಿದಳು. ನೀಲತ್ತಿ ಗಂಟು ಕಟ್ಟಿಕೊಂಡು ಬಂದಳು. ಬಂದದ್ದೇನೋ ಸರಿ, ಹೆಸರು ಯಾರು ಇಡಬೇಕು? ಬೇರೆ ಅತ್ತೆ ನಮಗಿಲ್ಲ. ಅತ್ತೆಯನ್ನು ಕೂಸಿನ ತಾಯಿಯೇ ಬಾಯಿಬಿಟ್ಟು ಕರೆಯಬೇಕು, ಅದು ರೂಢಿ. ಅವ್ವ ಕರೆಯಳು, ಕರೆಯದೆ ಅತ್ತಿ ತೊಟ್ಟಿಲ ಹತ್ತಿರ ಸುಳಿಯಳು. ಅಜ್ಜಿಗೆ ಹೆರಿಗೆಯ ಚಿಂತೆಗಿಂತ ಈ ಚಿಂತೆಯೇ ದೊಡ್ಡದಾಯಿತು. "ನನ್ನ ಮೊಮ್ಮಗ ಹೆಸರಿಲ್ಲದ ಹಂಗ ಬೆಳೀತಾನೇನೋ" ಎಂದು ದಿನಾ ಒಂದು ಸಲ ಅಪ್ಪನೆದುರು ಹೇಳುವಳು. ಅಪ್ಪ ಲಗುಬಗೆಯಿಂದ ರೂಮಿ ಟೋಪಿ ಇಟ್ಟುಕೊಂಡು ಕಚೇರಿಗೆ ಹೊರಟುಬಿಡುವನು.

ಆದರೆ ನೀಲತ್ತಿಯ ಮನಸ್ಸಿನಲ್ಲಿ ಬೇರೆಯೇ ಒಂದು ಇತ್ತು. ಅವಳು ಹಿಂದಿನ ತಿಂಗಳು ಸಿಂಧನೂರಿನ ಸಂತೆಯಲ್ಲಿ ಟಾಂಗಾದಲ್ಲಿ ಕೂತ ಯಾರೋ ಅಧಿಕಾರಿಯ ಹೆಂಡತಿಯನ್ನು ನೋಡಿದ್ದಳಂತೆ. ಮಡಿಲಲ್ಲಿದ್ದ ಕೂಸಿನ ತಲೆಗೆ ಉಲ್ಲನ್ ಟೋಪಿ. ಎಲ್ಲೂ ಹೊಲಿಗೆ ಇಲ್ಲ, ಜೋಡು ಇಲ್ಲ, ಗಡಿಗೆಯ ಹಾಗೆ ಸುತ್ತಲೂ ಒಂದೇ. ಅತ್ತಿ ತರಕಾರಿ ತೂಗಿಸುವುದನ್ನು ಬಿಟ್ಟು ಟಾಂಗಾದ ಹಿಂದೆ ಸ್ವಲ್ಪ ದೂರ ನಡೆದಳಂತೆ. ನಮ್ಮಲ್ಲಿ ಅತ್ತೆ ಕೂಸಿಗೆ ಕುಂಚಿಗೆ ತರುವುದು ರೂಢಿ, ತಲೆ ಮುಚ್ಚಿ ಬೆನ್ನಿನವರೆಗೆ ಇಳಿಬೀಳುವ ಬಟ್ಟೆ. ಅದನ್ನು ಎಲ್ಲ ಅತ್ತೆಯರೂ ತರುತ್ತಾರೆ. ನಾನು ಜೋಡಿಲ್ಲದ ಟೋಪಿ ತರುತ್ತೇನೆ, ಅದನ್ನು ನೋಡಿದ ಮೇಲೆ ಹೇಗೆ ಕರೆಯುವುದಿಲ್ಲವೋ ನೋಡೋಣ ಎಂಬುದು ಅವಳ ಲೆಕ್ಕಾಚಾರ. ಇದನ್ನು ನನಗೊಬ್ಬಳಿಗೇ ಹೇಳಿದ್ದಳು. "ನಿಮ್ಮವ್ವಗ ಇದನ್ನ ಮುಟ್ಟಿಸಬ್ಯಾಡ ಮತ್ತ" ಎಂದು ತಾಕೀತು ಮಾಡಿ, ಒಂದು ಹಿಡಿ ಶೇಂಗಾ ಹೆಚ್ಚಿಗೆ ಕೊಟ್ಟಳು.

ಹೆಣಿಗೆ ಕಲಿಸಲು ಸಿಕ್ಕವರು ನಮ್ಮ ಮದರಸಾದ ಉಸ್ತಾನಿಬಿ. ಹೈದರಾಬಾದಿನವರು, ತೆಳ್ಳಗೆ ಬೆಳ್ಳಗೆ, ಪಾಠ ಹೇಳುವಾಗಲೂ ಕೈಯಲ್ಲಿ ಎರಡು ಸಲಾಯಿ ಆಡಿಸುತ್ತಲೇ ಇರುವವರು. ನೆಟ್ಟಗಿನ ಸಲಾಯಿಯಲ್ಲಿ ಹೆಣೆದರೆ ಅಂಚುಗಳನ್ನು ಕೂಡಿಸಿ ಹೊಲಿಯಬೇಕಾಗುತ್ತದೆ, ಜೋಡಿಲ್ಲದೆ ಬೇಕಾದರೆ ಗೋಲ್ ಸಲಾಯಿ ತನ್ನಿ ಎಂದರು. ಎಷ್ಟುದ್ದದ್ದು ಎಂದು ಅವರು ಹೇಳುವ ಮೊದಲೇ ನೀಲತ್ತಿ ನನ್ನ ಕೈ ಹಿಡಿದು ಬಜಾರಿನ ಹಾದಿ ಹಿಡಿದಿದ್ದಳು. ಪೂರ್ತಿ ಕೇಳಿಸಿಕೊಂಡು ಹೊರಡುವ ಜಾಯಮಾನ ನಮ್ಮ ಮನೆತನದಲ್ಲೇ ಇಲ್ಲ.

ಸೂಜಿ, ದಾರ, ಗುಂಡಿ, ರಿಬ್ಬನ್ನು ಮಾರುವ ಕರೀಂ ಸಾಬರ ಅಂಗಡಿಯಲ್ಲಿ ಎರಡೇ ಎರಡು ಗೋಲ್ ಸಲಾಯಿಗಳಿದ್ದವು. ಒಂದು ಮೊಳಕ್ಕೂ ಕಡಿಮೆ, ಇನ್ನೊಂದು ಮೊಳದ ಮೇಲೆ ಗೇಣು. "ಇವು ಡಾಕ್ಟರ್ ಮೇಮ್‌ಸಾಬ್ ಹೇಳಿ ತರಿಸಿದ್ದು ರೀ. ಮಾಲು ಬರೋದ್ರಾಗ ಅವರಿಗೆ ಬದಲಿ ಆತು. ಅವತ್ತಿಂದ ಇಲ್ಲೇ ಬಿದ್ದಾವ" ಎಂದು ಸಾಬರು ಧೂಳು ಒರೆಸಿ ಮುಂದಿಟ್ಟರು.

ನೀಲತ್ತಿ ಪರೀಕ್ಷೆ ಶುರುಮಾಡಿದಳು. ಮೊದಲು ಸೂಜಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ನೋಡಿದಳು. ಸಾಬರು ಕಣ್ಣು ಮುಚ್ಚಿಕೊಂಡರು. ಆಮೇಲೆ ತಂತಿ ಮತ್ತು ಸೂಜಿ ಕೂಡುವ ಕಡೆ ತನ್ನದೊಂದು ಕೂದಲು ಎಳೆದು ಸುತ್ತಿ ಜಗ್ಗಿದಳು. ಕೂದಲು ಸಿಕ್ಕಿಕೊಳ್ಳದೆ ಜಾರಿಬಂತು. ಇದೊಂದು ಪರೀಕ್ಷೆಯನ್ನು ಮಾತ್ರ ನಾನು ಇವತ್ತಿಗೂ ಮೆಚ್ಚುತ್ತೇನೆ, ಏಕೆಂದರೆ ಆ ಜೋಡಿನಲ್ಲಿ ದಾರ ಸಿಕ್ಕಿಕೊಂಡರೆ ಹೆಣೆಯುವವರ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ. ಕೊನೆಗೆ ಉದ್ದನೆಯದನ್ನು ಬಳೆಯಂತೆ ಬಗ್ಗಿಸಿದಳು. ಉಕ್ಕಿನ ತಂತಿ ಕೈತಪ್ಪಿ ಚಿಮ್ಮಿ ಸಾಬರ ಕನ್ನಡಕವನ್ನು ಮೂಗಿನಿಂದ ಹಾರಿಸಿತು.

"ಅವ್ವಾರ, ಕೂಸಿನ ಟೋಪಿಗೆ ಗಿಡ್ಡಂದು ಒಯ್ರಿ" ಎಂದರು ಸಾಬರು, ಕನ್ನಡಕ ಹುಡುಕುತ್ತ.

"ಎರಡಕ್ಕೂ ಒಂದೇ ರೇಟು ಅಂತೀರಿ. ಒಂದೇ ರೇಟಿನಾಗ ಗಿಡ್ಡಂದು ಯಾರು ಒಯ್ತಾರ್ರಿ? ಕೂಸು ಗಿಡ್ಡದೇ ಉಳೀತೈತೇನು? ಬೆಳೀತೈತಿ."

ನಗಬೇಡಿ. ನಮ್ಮ ಮನೆಯಲ್ಲಿ ಮಕ್ಕಳಿಗೆ ತರುವ ಯಾವುದೂ ಮೈಗೆ ಸರಿಯಾಗಿ ಬಂದದ್ದೇ ಇಲ್ಲ. ಬೆಳೆಯುವ ಹುಡುಗಿ ಎಂದು ನನಗೆ ಹೊಲಿಸುತ್ತಿದ್ದ ಲಂಗಕ್ಕೆ ಸೊಂಟದಲ್ಲೊಂದು, ಕೆಳಗೊಂದು ಮಡಿಕೆ. ಆ ಮಡಿಕೆ ಬಿಚ್ಚುವಷ್ಟು ನಾನು ಬೆಳೆಯುವ ಹೊತ್ತಿಗೆ ಲಂಗ ಹರಿದಿರುತ್ತಿತ್ತು. ಚಪ್ಪಲಿಯ ಮುಂದೆ ಹತ್ತಿ ತುರುಕಿಕೊಂಡು ನಡೆಯುತ್ತಿದ್ದೆ. ಇಂಥ ಮನೆಯಲ್ಲಿ ಹುಟ್ಟಿದ ನೀಲತ್ತಿ ಗಿಡ್ಡ ಸಲಾಯಿ ತಂದಿದ್ದರೇ ನಾನು ಬೆರಗಾಗುತ್ತಿದ್ದೆ. ಉದ್ದನೆಯ ಸಲಾಯಿ, ಕೆಂಪು ಉಲ್ಲನ್ನಿನ ಉಂಡೆ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಗೆದ್ದವಳಂತೆ ಮನೆಗೆ ಬಂದಳು.

ಮರುದಿನ ಉಸ್ತಾನಿಬಿ ನಮ್ಮ ಮನೆಗೆ ಬಂದು ಕೂಸಿನ ತಲೆಗೆ ಬೇಕಾದಷ್ಟು ಕುಣಿಕೆಗಳನ್ನು ಸಲಾಯಿಗೆ ಏರಿಸಿದರು. ಗೋಲ್ ಸಲಾಯಿಯ ಗುಟ್ಟು ಏನೆಂದರೆ ಮೊದಲ ಕುಣಿಕೆ ಮತ್ತು ಕೊನೆಯ ಕುಣಿಕೆ ಒಂದಕ್ಕೊಂದು ಮುಟ್ಟಬೇಕು, ಮುಟ್ಟಿದರೆ ಮಾತ್ರ ಸುತ್ತು ಕೂಡುತ್ತದೆ. ಇಲ್ಲಿ ಇವು ತಂತಿಯ ಆ ಕಡೆಗೊಂದು ಈ ಕಡೆಗೊಂದು ಉಳಿದವು. ಎಷ್ಟು ಜಗ್ಗಿದರೂ ನಡುವೆ ಬರಿಯ ತಂತಿ. ಅವ್ವ ಮತ್ತು ನೀಲತ್ತಿ ಒಂದೇ ಮನೆಯಲ್ಲಿ ಕೂತ ಹಾಗೆಯೇ ಕೂತಿದ್ದವು.

"ಅರೇ ನೀಲಮ್ಮಾ, ಇದು ಶಾಲಿನ ಸಲಾಯಿ. ಟೋಪಿಗೆ ಛೋಟಾ ಬೇಕು. ವಾಪಸ್ ಕೊಟ್ಟು ಬದಲ್ ಮಾಡ್ಕೊಂಡು ಬರ್ರಿ" ಎಂದರು ಉಸ್ತಾನಿಬಿ.

ನೀಲತ್ತಿಯ ಮುಖ ಸಣ್ಣದಾಯಿತು. "ಹುಟ್ಟೋ ಕೂಸಿನ ಹೆಸರಿಲೆ ತಂದ ಜಿನಸು ತಿರುಗಿ ಅಂಗಡಿಗಿ ಹೋಗಬಾರದು ಬೀಬಿ. ಅಪಶಕುನ ಆಕ್ಕೈತಿ."

"ಹಾಗಾದ್ರೆ ಇನ್ನೊಂದು ತನ್ನಿ."

ಅದಕ್ಕೆ ಅಜ್ಜಿ ಅಡ್ಡಬಂದಳು. "ಹೆರಿಗಿ ಆಗೂತನಾ ಯಾವುದೂ ಎರಡೆರಡು ತರಬ್ಯಾಡವ್ವ. ಅವಳಿಜವಳಿ ಆದಾವು."

ಉಸ್ತಾನಿಬಿ ತಮ್ಮ ಸಲಾಯಿಗಳನ್ನು ಎತ್ತಿಕೊಂಡು ಎದ್ದರು. ಅವರು ಮನೆಗೆ ಹೋದ ಮೇಲೆ ನೀಲತ್ತಿ ತಾನೇ ಒಂದು ದಾರಿ ಕಂಡುಕೊಂಡಳು. ಕುಣಿಕೆಗಳು ಮುಟ್ಟದಿದ್ದರೆ ಇನ್ನಷ್ಟು ಕುಣಿಕೆ ಏರಿಸುವುದು. ಮುಟ್ಟುವವರೆಗೂ ಏರಿಸುವುದು. ಏರಿಸಿದಳು, ಕೂಡಿಸಿದಳು. ಆದರೆ ಕೂಡಿಸುವಾಗ ಸಾಲು ನಡುವೆ ಒಂದು ಸಲ ತಿರುಚಿಕೊಂಡಿದ್ದನ್ನು ನೋಡಲಿಲ್ಲ. ಒಂದು ಬೆರಳಿನಷ್ಟು ಹೆಣೆದ ಮೇಲೆ ನೋಡಿದರೆ ಒಳಗು ಯಾವುದು ಹೊರಗು ಯಾವುದು ಎಂದೇ ತಿಳಿಯದ ಒಂದು ಪದಾರ್ಥವಾಗಿತ್ತು. ಬಿಚ್ಚಿದಳು. ಮತ್ತೆ ಏರಿಸಿದಳು. ಅಂಗಳದ ಬಿಸಿಲಿನಲ್ಲಿ ಕೂತು, ನಾಲಿಗೆಯನ್ನು ತುಟಿಯ ಅಂಚಿಗೆ ತಂದು, ಸಣ್ಣ ಹುಡುಗಿಯಂತೆ ಹೆಣೆಯುತ್ತಿದ್ದ ಅವಳ ಚಿತ್ರ ಈಗಲೂ ನನ್ನ ಕಣ್ಣಮುಂದಿದೆ. ಉಂಡೆ ಹಿಡಿದು ದಾರ ಬಿಡುವುದು ನನ್ನ ಪಾಲಿಗೆ. ನನ್ನ ಕೈಯಲ್ಲಿ ದಾರ ಸಿಕ್ಕಾಗದ ದಿನವೇ ಇರಲಿಲ್ಲ, ನನಗೆ ಹೆಣಿಗೆ ಬಾರದಿರುವುದು ಆಗಲೇ ನಿಶ್ಚಯವಾಗಿತ್ತು.

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಮಾತ್ರ, "ಗಿರಿಜಿ, ಬಿಸಿಲಿಗಿ ಕಣ್ಣು ಹೋಗ್ತಾವ, ನೆಳ್ಳಾಗ ಕುಂದ್ರಂತ ಹೇಳು" ಎಂದಳು. ಯಾರಿಗೆ ಎಂದು ಹೇಳಲಿಲ್ಲ. ನಾನು ನೀಲತ್ತಿಗೆ ಹೇಳಿದೆ. ಅವಳು ಚಾಪೆಯನ್ನು ನೆರಳಿಗೆ ಎಳೆದುಕೊಂಡಳು.

ಟೋಪಿ ಅಗಲವಾದಷ್ಟೂ ದಾರ ಹೆಚ್ಚು ತಿನ್ನುತ್ತದೆ ಎಂಬುದು ಅತ್ತಿಗೆ ತಿಳಿದದ್ದು ಕೆಂಪು ಉಲ್ಲನ್ ಮುಗಿದಾಗ. ಕರೀಂ ಸಾಬರನ್ನು ಕೇಳಿದರೆ ಹೈದರಾಬಾದಿನಿಂದ ಮಾಲು ಬರಬೇಕು ಎಂದರು. ಸಂತೆಗೆ ಪಾಮನಕಲ್ಲೂರಿನಿಂದ ಕಂಬಳಿ ಹೊತ್ತು ತರುತ್ತಿದ್ದ ಒಬ್ಬ ಮುದುಕಿಯನ್ನು ಹಿಡಿದು, ಮೊದಲ ಸಲ ಕತ್ತರಿಸಿದ ಕುರಿಮರಿಯ ಕಪ್ಪು ಉಣ್ಣೆಯ ನೂಲನ್ನು ಬೇಡಿ ತಂದಳು. ಹೀಗೆ ಟೋಪಿ ಕೆಳಗೆ ಕೆಂಪು, ಮೇಲೆ ಕಪ್ಪು ಆಯಿತು. ನೆತ್ತಿಯ ಕಡೆ ಸುತ್ತು ಕಿರಿದು ಮಾಡುತ್ತ ಹೋದರೆ ಆ ಉದ್ದನೆಯ ಸಲಾಯಿಯಲ್ಲಿ ಕುಣಿಕೆಗಳು ಮತ್ತೆ ಮುಟ್ಟುವುದಿಲ್ಲ. ಅದಕ್ಕೆ ಅತ್ತಿ ಕಿರಿದು ಮಾಡುವ ಗೊಡವೆಗೇ ಹೋಗದೆ, ಕೊನೆಯ ಸಾಲಿಗೆ ದಾರ ಪೋಣಿಸಿ ಎಲೆಯಡಿಕೆಯ ಚಂಚಿಯಂತೆ ಬಾಯಿ ಜಗ್ಗಿ ಕಟ್ಟಿದಳು. ಅಷ್ಟರಲ್ಲಿ ನನ್ನ ತಮ್ಮ ಹುಟ್ಟಿ ಮನೆಯಲ್ಲಿ ಸಾಂಬ್ರಾಣಿ ಮತ್ತು ಅಜವಾನದ ಹೊಗೆ ತುಂಬಿತ್ತು.

ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಕೂಸನ್ನು ಪಡಸಾಲೆಗೆ ತಂದಳು. ನೀಲತ್ತಿ ಸೆರಗಿನಿಂದ ಟೋಪಿ ತೆಗೆದು ಕೂಸಿನ ತಲೆಗೆ ಇಟ್ಟಳು. ಅದು ತಲೆಯ ಮೇಲೆ ನಿಲ್ಲಲಿಲ್ಲ. ಮುಖ ದಾಟಿ, ಎದೆ ದಾಟಿ, ಹೊಟ್ಟೆಯವರೆಗೆ ಇಳಿಯಿತು. ಕೆಳಗೆ ಎರಡು ಪುಟ್ಟ ಕಾಲು ಮಾತ್ರ ಆಡುತ್ತಿದ್ದವು. ಅಜ್ಜಿ ನಕ್ಕಳು. ಊಟಕ್ಕೆ ಬಂದಿದ್ದ ಅಪ್ಪ, ತನ್ನ ರೂಮಿ ಟೋಪಿಯನ್ನು ಅದರೊಳಗಿಟ್ಟರೂ ಇನ್ನೂ ಜಾಗ ಉಳಿಯುತ್ತದೆ ಎಂದು ನಕ್ಕ. ನಾನೂ ನಕ್ಕೆ.

ನೀಲತ್ತಿ ನಗಲಿಲ್ಲ. ಟೋಪಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಕೂಸಿನ ಕೂದಲು ಸರಿಮಾಡಿ, ಹೋಗಿ ಬೀಸುವ ಕಲ್ಲಿನ ಹತ್ತಿರ ಕೂತಳು. "ಯವ್ವಾ, ನಾ ಮಸ್ಕಿಗೆ ಹೋಗತೀನಿ. ಗಾಡಿ ಹೇಳಿಸು" ಎಂದಳು.

"ನಾಳೆ ಹೆಸರು?" ಎಂದಳು ಅಜ್ಜಿ.

"ಯಾರರೆ ಇಡ್ರಿ. ಬರಿಗೈಲೆ ಬಂದು ಅತ್ತಿ ಅನ್ನಿಸಿಕೊಳ್ಳಾಕ ನನಗ ಆಗಂಗಿಲ್ಲ. ಕರದಾರ ಯಾರದಾರ ಇಲ್ಲಿ ನನ್ನ?"

ಅತ್ತಿ ಗಂಟು ಕಟ್ಟತೊಡಗಿದಳು. ಟೋಪಿಯನ್ನು ಮಾತ್ರ ಗಂಟಿನಲ್ಲಿ ಹಾಕದೆ ಕಲ್ಲಿನ ಮೇಲೆ ಬಿಟ್ಟಿದ್ದಳು. ಈ ಸಲ ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ನನ್ನಂಥ ಹುಡುಗಿಗೂ ತಿಳಿಯಿತು.

ಆಗ ಬಾಣಂತಿಯ ಕೋಣೆಯಿಂದ ಅವ್ವ ಕರೆದಳು. "ಗಿರಿಜಿ, ಆ ಟೋಪಿ ಇಲ್ಲಿ ತರಬೇಕಂತ ಹೇಳು."

ನಾನು ಹೇಳಿದೆ. ನೀಲತ್ತಿ ಗಂಟಿನಿಂದ ಕಣ್ಣೆತ್ತದೆ, "ಯಾತಕಂತ ಕೇಳು" ಎಂದಳು.

ನಾನು ಕೋಣೆಗೆ ಓಡಿದೆ. ಅವ್ವ ಅಪ್ಪನ ಹಳೆಯ ಧೋತರದ ಪಟ್ಟಿಯನ್ನು ಕಿವಿ ಮುಚ್ಚಿ ಕಟ್ಟಿಕೊಂಡಿದ್ದಳು. ಥಂಡಿಯ ದಿನಗಳು, ಕಿಟಕಿಯ ಸಂದಿನಿಂದ ಗಾಳಿ. "ನನ್ನ ಕಿವಿ ಸೆಳ್ಯಾಕತ್ತಾವಂತ ಹೇಳು" ಎಂದಳು.

ಹೇಳಿದೆ. ನೀಲತ್ತಿ ಕಲ್ಲಿನ ಮೇಲಿದ್ದ ಟೋಪಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಅವ್ವ ಧೋತರದ ಪಟ್ಟಿ ಬಿಚ್ಚಿ ಟೋಪಿ ಇಟ್ಟುಕೊಂಡಳು. ತುರುಬು ಒಳಗೆ ಹೋಯಿತು, ಹಣೆ ಮುಚ್ಚಿತು, ಎರಡೂ ಕಿವಿ ಮುಚ್ಚಿ ಕುತ್ತಿಗೆಯವರೆಗೆ ಬೆಚ್ಚಗೆ ಕೂತಿತು. ಅಳತೆ ತೆಗೆದು ಹೆಣೆದಿದ್ದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ. ಅವ್ವ ಒಂದು ಗಳಿಗೆ ಕಣ್ಣು ಮುಚ್ಚಿ ಹಾಗೇ ಕೂತಳು. ಆಮೇಲೆ ಗೋಡೆ ಹಿಡಿದು ಎದ್ದಳು. ಅಜ್ಜಿ, "ಏಳಬ್ಯಾಡ" ಎಂದು ಕೂಗುತ್ತಿರುವಾಗಲೇ ಬಾಗಿಲಿನವರೆಗೆ ಬಂದು ಹೊಸ್ತಿಲ ಒಳಗೆ ನಿಂತಳು.

"ಅಕ್ಕಾ," ಎಂದಳು. "ಕೂಸು ಹುಟ್ಟಿದಾಗಿಂದ ಬಂದೋರೆಲ್ಲಾ ಕೂಸಿನ ತಲಿ ಮುಟ್ಟಿ ನೋಡಿಕೊಂಡು ಹೋದ್ರು. ನನ್ನ ತಲಿ ಯಾರೂ ನೋಡಲಿಲ್ಲ. ಇದು ನನಗಂತ ಮಾಡಿದ್ದಲ್ಲ, ಗೊತ್ತೈತಿ. ಆದ್ರೂ ನಾ ಕೊಡಂಗಿಲ್ಲ. ಅವತ್ತು ನಾ ಹಂಗ ಅನ್ನಬಾರದಿತ್ತು. ನೀವು ಹೋಗಬ್ಯಾಡ್ರಿ. ನಾಳಿ ನನ್ನ ಮಗಗ ನೀವೇ ಹೆಸರಿಡ್ರಿ."

ನಾನು ನನ್ನ ಕೆಲಸ ಬಿಡುವಂತಿರಲಿಲ್ಲವಲ್ಲ. ನೀಲತ್ತಿಯ ಕಡೆ ತಿರುಗಿ ಶುರುಮಾಡಿದೆ. "ಅತ್ತೀ, ನೀ ಹೋಗಬಾರದಂತ, ನಾಳಿ ನೀನೇ..."

ನೀಲತ್ತಿ ಬಂದು ನನ್ನ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದಳು. ಅವಳ ಕಣ್ಣು ಅವ್ವನ ಮೇಲೆಯೇ ಇತ್ತು.

"ನೀ ಸುಮ್ಕಿರು" ಎಂದಳು. "ನಿಮ್ಮವ್ವ ನನಗ ಹೇಳ್ಯಾಳ."